ತೋಳಿನ ಅಳತೆ

ಬ್ಯಾಡಗಿಯಲ್ಲಿ ನಾನು ಹೆಂಗಸರ ಜಂಪರು ಹೊಲಿಯಲು ಕೂತು ಹತ್ತೊಂಬತ್ತು ವರ್ಷವಾಯಿತು. ಮೂತ್ರಪಿಂಡ ಕೈಕೊಟ್ಟ ಮೇಲೆ ಕೆಲಸ ಅರ್ಧಕ್ಕೆ ಇಳಿಯಿತು. ಸೋಮವಾರ ಮತ್ತು ಗುರುವಾರ ಬೆಳಗಿನ ಬಸ್ಸಿಗೆ ಹಾವೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು.

ನಮ್ಮಂಥವರಿಗೆ ಮೂತ್ರ ಹೋಗುವುದು ಕಡಿಮೆ. ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಅದನ್ನು ಯಂತ್ರ ತೆಗೆಯುತ್ತದೆ. ಹೆಚ್ಚಿನ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕವನ್ನು ಪ್ರತಿಯೊಬ್ಬರ ಹಾಳೆಯ ಮೇಲೆ ಬರೆದಿರುತ್ತಾರೆ. ನನ್ನದು ಐವತ್ತೆರಡು ಕಿಲೋ. ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ಅದಕ್ಕೆ ಅಲ್ಲಿನ ಸಿಸ್ಟರ್‌ಗೆ ನನ್ನ ಮೇಲೆ ಮೆಚ್ಚುಗೆ.

ಹೋದ ದೀಪಾವಳಿಗೆ ನನಗೇ ಒಂದು ಜಂಪರು ಹೊಲಿದುಕೊಂಡೆ, ಹಳೆಯ ಅಳತೆಗೆ. ತೊಟ್ಟು ನೋಡಿದರೆ ತೋಳು ಜೋಲುತ್ತಿತ್ತು. ಕತ್ತರಿ ತಪ್ಪಿತೇನೋ ಎಂದು ಟೇಪು ಹಿಡಿದು ಬಲತೋಳು ಅಳೆದೆ. ಹನ್ನೊಂದು ಇಂಚು ಇದ್ದದ್ದು ಒಂಬತ್ತೂವರೆಗೆ ಬಂದಿತ್ತು. ಮತ್ತೆ ಅಳೆದೆ, ಅಷ್ಟೇ. ಕಾಲುಂಗುರ ಮಾತ್ರ ಬೆರಳಲ್ಲಿ ಹೂತುಹೋಗುವಷ್ಟು ಬಿಗಿಯಾಗಿತ್ತು.

ಗುರುವಾರ ಸಿಸ್ಟರ್‌ಗೆ ಹೇಳಿದೆ.

"ತೂಕ ಬರೋಬ್ಬರಿ ಐತಲ್ರಿ ಅಕ್ಕಾರ, ಯಾಕ ಚಿಂತಿ ಮಾಡ್ತೀರಿ?"

"ತೂಕ ಏನರ ಇರ್ಲಿ ಸಿಸ್ಟರ್. ಇಷ್ಟು ವರ್ಷ ಮಂದಿ ತೋಳು ಅಳದೇನಿ, ನನ್ನ ತೋಳು ನನಗ ತಿಳಿಯಂಗಿಲ್ಲೇನ್ರಿ?"

ಅವರು ನಕ್ಕು ಸುಮ್ಮನಾಗಲಿಲ್ಲ. ನನ್ನ ತೋಳನ್ನು ಹಿಡಿದು ನೋಡಿದರು, ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಕುಳಿ ಬಿತ್ತು. ಮೂತ್ರಪಿಂಡದ ಡಾಕ್ಟರಿಗೆ ಫೋನ್ ಮಾಡಿದರು.

ಡಾಕ್ಟರು ರಾಣೆಬೆನ್ನೂರಿನ ತಮ್ಮ ದವಾಖಾನೆಗೆ ಕರೆಸಿಕೊಂಡರು. ಗಂಡ ಜೊತೆಗೆ ಬಂದರು. ಮಲಗಿಸಿ, ಕೈಗೆ ಎರಡು, ಕಾಲಿಗೆ ಎರಡು ಪಟ್ಟಿ ಅಂಟಿಸಿ, ಮೈಯಲ್ಲಿ ನೀರೆಷ್ಟು, ಮಾಂಸವೆಷ್ಟು ಎಂದು ತೋರಿಸುವ ಒಂದು ಸಣ್ಣ ಪೆಟ್ಟಿಗೆಗೆ ವೈರು ಜೋಡಿಸಿದರು. ನೋವೇನೂ ಇಲ್ಲ. ಐದು ನಿಮಿಷದಲ್ಲಿ ಮುಗಿಯಿತು.

"ಮೈಯಾಗ ಮಾಂಸ ಕರಗೇತಿ, ಆ ಜಾಗಾದಾಗ ನೀರು ತುಂಬೇತಿ. ಅದಕ್ಕ ತೂಕ ಮೊದ್ಲಿನಂಗ ಕಾಣಾಕತ್ತೈತಿ," ಎಂದರು ಡಾಕ್ಟರು. "ಊಟ ಏನ್ ಮಾಡ್ತೀರಿ?"

"ಅನ್ನ, ಒಂಚೂರು ಪಲ್ಯ. ಬ್ಯಾಳಿ, ತತ್ತಿ ಎಲ್ಲಾ ಬಿಟ್ಟೇನ್ರಿ. ಮೊದ್ಲಿನ ಡಾಕ್ಟರ್ ಕಡಿಮಿ ಮಾಡು ಅಂದಿದ್ರು."

"ಅವಾಗ ಅವರು ಹೇಳಿದ್ದು ಖರೇ. ಡಯಾಲಿಸಿಸ್ ಚಾಲೂ ಆದ ಮ್ಯಾಲ ಹಂಗಲ್ರಿ. ಈಗ ತಿನ್ನಬೇಕು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಎರಡು ವರ್ಷ ನಾನು ಆ ಪಥ್ಯವನ್ನು ವ್ರತದಂತೆ ನಡೆಸಿದ್ದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಡ, "ನೀ ತಿನ್ನಂಗಿಲ್ಲ ಅಂತ ನಾನೂ ಬ್ಯಾಳಿ ಬಿಟ್ಟಿದ್ದೆ. ಸುಳ್ಳ ಉಪಾಸ ಬಿದ್ವಿ," ಎಂದರು. ನನಗೆ ಅದು ಗೊತ್ತೇ ಇರಲಿಲ್ಲ. ಈಚೆಗೆ ಅವರಿಗೆ ಬೇಳೆ ಸೇರುತ್ತಿಲ್ಲ ಅಂದುಕೊಂಡಿದ್ದೆ. ಇಬ್ಬರೂ ನಕ್ಕೆವು.

ಅಗಡಿಯ ತವರಿನಿಂದ ವೈನಿ, ಅಂದರೆ ಅಣ್ಣನ ಹೆಂಡತಿ, ತಮ್ಮ ಮನೆಯ ಕೋಳಿಗಳ ತತ್ತಿ ತರತೊಡಗಿದರು. ಡಾಕ್ಟರ ಮಾತಿನಂತೆ ಬಿಳಿಯ ಭಾಗ ನನಗೆ, ಹಳದಿ ಗಂಡನಿಗೆ. ಆಸ್ಪತ್ರೆಯಲ್ಲಿ ನನ್ನ ತೂಕದ ಗುರಿಯನ್ನು ಸ್ವಲ್ಪ ಸ್ವಲ್ಪವಾಗಿ ನಲವತ್ತೊಂಬತ್ತಕ್ಕೆ ಇಳಿಸಿದರು. ನೀರು ತೆಗೆಯುವಾಗ ಕಾಲಿನ ಮೀನಖಂಡ ಹಿಡಿದುಕೊಂಡು ಒದ್ದಾಡಿದ ದಿನಗಳಿವೆ. ಬಾಯಾರಿಕೆಯಂತೂ ಇವತ್ತಿಗೂ ಹೋಗಿಲ್ಲ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ನಾಲ್ಕು ತಿಂಗಳಿಗೆ ತೋಳು ಹತ್ತೂಕಾಲು ಇಂಚಾಯಿತು. ಬೇಸಿಗೆಯಲ್ಲಿ ತೂಕ ಒಂದು ಕಿಲೋ ಏರಿದಾಗ ಹೆದರಿದ್ದೆ. ಮತ್ತೆ ಪಟ್ಟಿ ಅಂಟಿಸಿ ನೋಡಿದ ಡಾಕ್ಟರು, "ಇದು ನೀರಲ್ರಿ, ನೀವು ಉಂಡದ್ದು," ಎಂದರು.

ಈಗ ಸಿಸ್ಟರ್ ತಿಂಗಳಿಗೊಮ್ಮೆ ನನ್ನ ಕೈಯಿಂದ ಎಲ್ಲರ ತೋಳು ಅಳೆಯಿಸುತ್ತಾರೆ. ಸೂಜಿ ಚುಚ್ಚುವ ಕೈ ಬಿಟ್ಟು ಇನ್ನೊಂದು ಕೈ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜ ಮೊದಲ ಸಲ ಅನುಮಾನದಿಂದ ನೋಡಿದರು.

"ನನಗೂ ಜಂಪರ ಹೊಲಿತೀಯೇನಬೇ?"

"ಹೊಲಿತೇನ್ರಿ ಯಜ್ಜಾ, ತೋಳು ಚಾಚ್ರಿ."

ಅವರು ತೋಳು ಚಾಚಿದರು. ನಾನು ಹೇಳಿದ ಇಂಚುಗಳನ್ನು ಸಿಸ್ಟರ್ ಹಾಳೆಯಲ್ಲಿ ಬರೆದುಕೊಂಡರು.