ಕೆಳಗೆ ಗಾಳಿ ಹೇಗೆ ಬರುತ್ತದೆ?

ಈ ಅಂಕಣದಲ್ಲಿ ನಾನು ಬೆಣ್ಣೆದೋಸೆಯಿಂದ ಹಿಡಿದು ಮೊಣಕಾಲು ನೋವಿನವರೆಗೆ ಎಲ್ಲವನ್ನೂ ಬರೆದಿದ್ದೇನೆ. ಇದೊಂದನ್ನು ಮಾತ್ರ ಬರೆದಿಲ್ಲ. ಎಷ್ಟೋ ಸಲ ಶುರು ಮಾಡಿ ಬೇರೆ ವಿಷಯಕ್ಕೆ ಜಾರಿಕೊಂಡಿದ್ದೇನೆ. (ಮೊಣಕಾಲಿನ ಬಗ್ಗೆ ಬರೆದ ವಾರ ನಿಜಕ್ಕೂ ಬರೆಯಬೇಕಿದ್ದದ್ದು ಇದನ್ನೇ.) ಇನ್ನೂ ಮುಂದೂಡಿದರೆ ಬರೆಯಲು ನಾನೇ ಇರಲಿಕ್ಕಿಲ್ಲ.

ಕಳೆದ ವಾರ ಒಂದು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದೆ. ತಂಗಿಯ ಮೊಮ್ಮಗಳು, "ಅಜ್ಜ, ನಿಮಗೆ ಸಣ್ಣೋರಿದ್ದಾಗಿಂದ ಅಂಡರ್‌ಗ್ರೌಂಡ್ ರೈಲಿನ ಹುಚ್ಚಂತಲ್ಲ, ಬರ್ರಿ ತೋರಿಸ್ತೀನಿ" ಎಂದು ಮೆಟ್ರೊ ಸ್ಟೇಷನ್ನಿಗೆ ಕರೆದೊಯ್ದಳು. ನೆಲದೊಳಕ್ಕೆ ಇಳಿಯುವ ಎಸ್ಕಲೇಟರ್. ಕಾಲಿಟ್ಟೆನೋ ಇಲ್ಲವೋ, ಕಂಬಿ ಹಿಡಿದ ಕೈ ಬೆವರತೊಡಗಿತು. ಕೆಳಗೆ ನಿಂತಿದ್ದ ಸೆಕ್ಯುರಿಟಿಯವನನ್ನು ಕೇಳಿಯೇಬಿಟ್ಟೆ.

"ದೀಪ ಇಳಿಸಿ ನೋಡ್ಯಾರೇನಪ್ಪ?"

ಅವನು ನನ್ನ ಮುಖ ನೋಡಿದ. ಹುಡುಗಿ ಬಿದ್ದು ಬಿದ್ದು ನಕ್ಕಳು. ಮದುವೆ ಮನೆಯಲ್ಲೆಲ್ಲ ಅದೇ ಜೋಕು. ನಾನೂ ನಕ್ಕೆ. ಮತ್ತೇನು ಮಾಡಲಿ? ಅದೇ ಪ್ರಶ್ನೆಯನ್ನು ಅರವತ್ತು ವರ್ಷಕ್ಕೂ ಹಿಂದೆ ಒಬ್ಬರು ನನ್ನನ್ನೇ ಕೇಳಿದ್ದರು ಎಂದು ಅಕ್ಷತೆ ಹಿಡಿದು ನಿಂತವರಿಗೆ ಹೇಳಲಾಗುತ್ತದೆಯೇ?

ಐವತ್ತರ ದಶಕದ ಕೊನೆ. ನಾನಾಗ ದಾವಣಗೆರೆಯಲ್ಲಿ ಹೈಸ್ಕೂಲು. ಅಪ್ಪನದು ಕಿರಾಣಿ ಅಂಗಡಿ. ಪೊಟ್ಟಣ ಕಟ್ಟಲು ರದ್ದಿ ಕಾಗದ ಬರುತ್ತಿತ್ತು. ಒಮ್ಮೆ ಹರಿಹರದ ಯಾವುದೋ ಆಫೀಸರರ ಮನೆಯಿಂದ ಇಂಗ್ಲಿಷ್ ಪತ್ರಿಕೆಗಳ ಒಂದು ಕಟ್ಟು ಬಂತು. ಅದರಲ್ಲಿತ್ತು ಆ ಹಾಳೆ. ಲಂಡನ್ನಿನ ನೆಲದಡಿಯ ರೈಲಿನ ಮ್ಯಾಪು. ಕೆಂಪು, ಹಸಿರು, ನೀಲಿ ಗೆರೆಗಳು, ರಂಗೋಲಿ ಎಳೆದ ಹಾಗೆ. ಪಕ್ಕದಲ್ಲೊಂದು ಫೋಟೊ: ಕೊಳವೆಯಂಥ ಸುರಂಗ, ಅದರೊಳಗೆ ಕೋಟು ಹಾಕಿಕೊಂಡು ರೈಲಿಗೆ ಕಾಯುವ ಜನ.

ಅರ್ಧ ಹಾಳೆ ಮಾತ್ರ. ಉಳಿದರ್ಧದಲ್ಲಿ ಅಪ್ಪ ಆಗಲೇ ಯಾರಿಗೋ ಒಣಮೆಣಸಿನಕಾಯಿ ಕಟ್ಟಿಕೊಟ್ಟಿದ್ದರು.

ಗೆರೆಗಳೆಲ್ಲ ಹರಿದ ಅಂಚಿಗೆ ಬಂದು ನಿಂತುಬಿಡುತ್ತಿದ್ದವು. ಅಲ್ಲಿಂದ ಮುಂದೆ ಎಲ್ಲಿಗೆ? ನನಗೆ ನಿದ್ದೆ ಬರಲಿಲ್ಲ. ಕೊನೆಗೆ ಹಾಳೆಯನ್ನು ಪಡಸಾಲೆ ಗೋಡೆಗೆ ಅಂಟಿಸಿ, ಮುಂದಿನ ದಾರಿಯನ್ನು ಇದ್ದಿಲಿನಲ್ಲಿ ನಾನೇ ಎಳೆದೆ. ಲಂಡನ್ನಿನಿಂದ ಹೊರಟ ಒಂದು ಗೆರೆ ನಮ್ಮ ಪಕ್ಕದ ಹಳ್ಳಿ ಆನಗೋಡಿಗೆ ಬಂತು. ಇನ್ನೊಂದು ಹದಡಿಗೆ. ಮೂರನೆಯದು ಹತ್ತಿ ಮಿಲ್ಲಿನ ಕೆಳಗೆ ಹಾದು, ಹರಿಹರ ಮುಟ್ಟಿ, ತುಂಗಭದ್ರೆಯ ಅಡಿಯಲ್ಲಿ ನುಸುಳಿ ಆಚೆ ದಡಕ್ಕೆ. ರಜೆ ಬಂದರೆ ಹರಿಹರದ ಸೇತುವೆಯ ಮೇಲೆ ನಿಂತು, ಈ ನೀರಿನ ಕೆಳಗೆ ರೈಲು ಓಡುತ್ತಿದೆ ಎಂದು ಕಾಲಡಿಯ ಕಂಪನಕ್ಕೆ ಕಾಯುತ್ತಿದ್ದೆ. ಎತ್ತಿನಗಾಡಿಯವರು ಬೈದು ಪಕ್ಕಕ್ಕೆ ಸರಿಸುತ್ತಿದ್ದರು.

ಎಲ್ಲರೂ ನಕ್ಕರು. ನಗದವಳು ನನ್ನ ಸೋದರತ್ತೆ ಒಬ್ಬಳೇ. ಗೋಡೆಯ ಮುಂದೆ ಕೂತು, ಬೆರಳಿನಿಂದ ಗೆರೆ ಹಿಡಿದುಕೊಂಡು ಹೋಗಿ, ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಎಲ್ಲಾ ಸರಿ. ಕೆಳಗೆ ಗಾಳಿ ಹೆಂಗ ಬರ್ತೈತಪ್ಪಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಸಿಟ್ಟು ಬರುತ್ತಿತ್ತು. ಲಂಡನ್ನಿನವರಿಗೆ ಅದೆಲ್ಲ ಗೊತ್ತಿರುತ್ತೆ, ನಿನಗ್ಯಾಕೆ ಎಂದು ರೇಗುತ್ತಿದ್ದೆ.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ಅಂಗಳದಲ್ಲಿ ಒಂದು ಹಗೇವು ಇತ್ತು. (ಹಗೇವು ನೋಡದವರಿಗೆ: ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಳಿ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ.) ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಉಸಿರಾಡಿದವನು ಕೂಗುವುದಕ್ಕೂ ಪುರಸೊತ್ತಿಲ್ಲದೆ ಬೀಳುತ್ತಾನೆ. ಅದಕ್ಕೇ ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು. ಉರಿದರೆ ಇಳಿಯಬಹುದು. ಆರಿದರೆ ಕಾಯಬೇಕು.

ನಮ್ಮ ಮನೆಯಲ್ಲಿ ಆ ಕಂದೀಲು ಅತ್ತೆಯದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆರತಿ ತಟ್ಟೆ ಮುಟ್ಟುವಂತಿಲ್ಲ, ಶುಭಕಾರ್ಯದಲ್ಲಿ ಎದುರಿಗೆ ಬರುವಂತಿಲ್ಲ. ಆದರೆ ಹಗೇವು ತೆರೆದ ದಿನ ಅಪ್ಪನೂ ಅವಳ ಮುಖ ನೋಡಬೇಕು. ಅವಳು 'ಇಳೀರಿ' ಎಂದರೆ ಇಳಿಯುವುದು. 'ಬ್ಯಾಡ' ಎಂದರೆ ಬೇಡ. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದದ್ದು ಅದೊಂದೇ ಜಾಗದಲ್ಲಿ.

ಆ ಬೇಸಿಗೆ ಹಗೇವು ತೆಗೆದ ಮರುದಿನ, ಬೀದಿಯಲ್ಲಿ ಯಾರಿಗೋ ಹೆರಿಗೆ ನೋವು ಶುರುವಾಗಿ ಅತ್ತೆಗೆ ಕರೆ ಬಂತು. ಹೊರಡುವಾಗ ಕಂದೀಲನ್ನು ನನ್ನ ಕೈಗಿಟ್ಟಳು.

"ನಿನ್ನ ರೈಲಿಗೆ ಗಾರ್ಡ್ ಆಗೋನಲ್ಲ ನೀನು? ಇವತ್ತು ದೀಪ ನಿಂದು. ಇಳಿಸಿ ನೋಡು. ಆರಿದ್ರೆ ಯಾರನ್ನೂ ಬಿಡಬ್ಯಾಡ."

ಅಂಗಡಿಯ ಹಮಾಲ ನಿಂಗಣ್ಣ ಹಗ್ಗ, ಬುಟ್ಟಿ ತಂದು ಅಂಗಳದಲ್ಲಿ ನಿಂತಿದ್ದ. ಒಳ್ಳೆಯ ಮನುಷ್ಯ. ಜೋಳ ತೆಗೆದಾದ ಮೇಲೆ ನನ್ನನ್ನೂ ಕೆಳಗಿಳಿಸುವುದಾಗಿ ಮಾತು ಕೊಟ್ಟಿದ್ದ. ಬೀದಿಯಲ್ಲಿ ಗಾಡಿ ಹೋದರೆ ಹಗೇವಿನೊಳಗೆ ಥೇಟು ರೈಲು ಬಂದ ಹಾಗೇ ಕೇಳುತ್ತದಂತೆ. ವಾರದಿಂದ ನನಗೆ ಅದೇ ಧ್ಯಾನ. ನೆಲದ ಕೆಳಗೆ ನಿಂತು ರೈಲಿನ ಸದ್ದು ಕೇಳುವುದು! ಮಿಲ್ಲಿಗೆ ಹತ್ತಿ ಹೇರಿಕೊಂಡ ಗಾಡಿಗಳು ನಮ್ಮ ಬೀದಿಯಲ್ಲಿ ಸಾಲು ಹಿಡಿಯುವ ಹೊತ್ತು ಹತ್ತಿರವಾಗಿತ್ತು. ಈಗ ದೀಪ ಹಚ್ಚಿ, ಇಳಿಸಿ, ಅದು ಆರಿಬಿಟ್ಟರೆ? ಮತ್ತೊಂದು ದಿನ ಕಾಯಬೇಕು.

"ದೀಪ ನೋಡಿದ್ರೇನ್ರಿ, ಸಣ್ಣ ಸಾವ್ಕಾರ್ರೆ?" ಎಂದ ನಿಂಗಣ್ಣ.

"ಹ್ಞೂಂ, ನೋಡೀನಿ. ಚೊಲೋ ಉರೀತು" ಅಂದೆ.

ಕಂದೀಲಿಗೆ ಬೆಂಕಿ ಕಡ್ಡಿ ಕೂಡ ತಾಗಿಸಿರಲಿಲ್ಲ.

ಅವನು ಹಗ್ಗ ಹಿಡಿದು ಇಳಿದ. ಕೊನೆಗೆ ತಲೆಯೂ ಮರೆಯಾಯಿತು. ಏನೋ ಹೇಳುತ್ತಿದ್ದವನ ಮಾತು ಅರ್ಧಕ್ಕೆ ನಿಂತಿತು. ಕರೆದೆ. ಮತ್ತೆ ಕರೆದೆ. ಹಗ್ಗ ಎಳೆದರೆ ಹಗುರವಾಗಿ ಬಂತು. ಆಗಲೇ ಬೀದಿಯಲ್ಲಿ ಗಾಡಿಗಳು ಹೊರಟವು. ಹಗೇವಿನ ಬಾಯಿಂದ ಗುಡುಗುಡು ಸದ್ದು ಮೇಲೆ ಬರತೊಡಗಿತು. ನಿಜವಾಗಿಯೂ ರೈಲಿನ ಹಾಗೆಯೇ ಇತ್ತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಜನ ಸೇರಿದರು. ಒಬ್ಬ ಇಳಿಯಲು ಪಂಚೆ ಕಟ್ಟಿದ. ಅಷ್ಟರಲ್ಲಿ ಓಡಿ ಬಂದ ಅತ್ತೆ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಕಂಬಳಿಗೆ ಹಗ್ಗ ಕಟ್ಟಿ, ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿ ಕಲಕಿದಳು. ತೋಳು ಸೋತಾಗ ಬೇರೆಯವರು ಹಿಡಿದರು. ಆಮೇಲೆ ಒಬ್ಬನ ಸೊಂಟಕ್ಕೆ ಹಗ್ಗ ಬಿಗಿದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಬಿಟ್ಟರು. ನಿಂಗಣ್ಣನನ್ನು ಮೂಟೆಯ ಹಾಗೆ ಮೇಲೆತ್ತಿದರು. ಮುಖ ಕಪ್ಪಿಟ್ಟಿತ್ತು. ಅವನ ಎದೆ ಏಳುವುದನ್ನು ನೋಡಲು ಕಾದ ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ. ಎಸ್ಕಲೇಟರ್ ಮೇಲೆ ಬೆವರಿದ್ದು ಅದಕ್ಕೇ.

ಕೊನೆಗೆ ಕೆಮ್ಮಿದ. ಬದುಕಿದ.

ಅಂಗಡಿಯಿಂದ ಓಡಿ ಬಂದ ಅಪ್ಪ ಕೇಳಿದ್ದು ಒಂದೇ ಮಾತು. ದೀಪ ನೋಡಿದವರು ಯಾರು?

"ಅತ್ತೆ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಬಂತು. ಆದರೆ ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಅತ್ತೆ ನನ್ನನ್ನು ನೋಡಿದಳು. ನನ್ನ ಕಾಲ ಬಳಿ ಬಿದ್ದಿದ್ದ ಕಂದೀಲನ್ನು ಎತ್ತಿಕೊಂಡು ಗಾಜು ಮುಟ್ಟಿದಳು. ಮಸಿಯಿಲ್ಲ, ಬಿಸಿಯಿಲ್ಲ. ಅದನ್ನು ಸೆರಗಿನೊಳಗೆ ಸರಿಸಿದಳು.

"ಹೌದಪ್ಪ, ಹೋಗೋ ಮುಂಚೆ ನಾನೇ ನೋಡಿದ್ದೆ. ಕಣ್ಣು ಮಂಜು. ಆರಿದ್ದು ಕಾಣ್ಲಿಲ್ಲ."

ಅಂದಿನಿಂದ ಹಗೇವಿನ ಹತ್ತಿರ ಅವಳು ಹೋಗಕೂಡದು ಎಂದಾಯಿತು. ಕಣ್ಣು ಮಂಜಾದವಳ ಮಾತು ಯಾರು ಕೇಳುತ್ತಾರೆ? ನಿಂಗಣ್ಣ ಎದ್ದು ಓಡಾಡುವ ಹೊತ್ತಿಗೆ ಅದೇ ನಿಜವಾಗಿಬಿಟ್ಟಿತ್ತು; ಸಾವ್ಕಾರರ ಮಗ ಸುಳ್ಳಾಡಿದ ಎಂದು ಹಮಾಲ ಹೇಳುವುದಾದರೂ ಹೇಗೆ? ಎದುರಿಗೇ ಆಡಿಕೊಂಡರು: ಕೈ ಹಿಡಿದವನನ್ನು ನುಂಗಿದವಳು, ಹಮಾಲನನ್ನು ಬಿಡುತ್ತಾಳೆಯೇ. ಮಳೆಗಾಲ ಮುಗಿಯುವ ಹೊತ್ತಿಗೆ ಹರಿಹರದ ದೂರದ ನೆಂಟರ ಮನೆಗೆ ಅಡುಗೆಗೆಂದು ಕಳಿಸಿಬಿಟ್ಟರು. ನಾನು ಗೋಡೆಯ ಮೇಲಿನ ಹರಿಹರದ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಇದ್ದಿಲಿನ ಕಲೆ ಹೋಗಲಿಲ್ಲ, ಹರಡಿತು.

ವರ್ಷಗಳ ಮೇಲೆ ಧೈರ್ಯ ಮಾಡಿ ನಿಂಗಣ್ಣನಿಗೆ ಹೇಳಿಕೊಂಡೆ. ಅವನು ಬೀಡಿ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ನಂಗ್ಯಾಕ ಹೇಳ್ತೀರಿ? ನಾನು ಬದುಕೀನಿ. ಆಯಮ್ಮಂಗೆ ಹೇಳ್ರಿ" ಅಂದ.

ಹೇಳಬಹುದಿತ್ತು. ಆಗ ನನಗೆ ಹರಿಹರದಲ್ಲೇ ಗುಮಾಸ್ತನ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅವಳಿದ್ದ ಓಣಿ ಸ್ಟೇಷನ್ನಿನ ಹಿಂದೆಯೇ. ಆ ಓಣಿ ತಪ್ಪಿಸಲು ನಾನು ಸುತ್ತು ದಾರಿ ಹಿಡಿಯುತ್ತಿದ್ದೆ. ಒಂದು ಸಂಜೆ ಪ್ಲಾಟ್‌ಫಾರಂನಲ್ಲಿ ಅವಳೇ ಎದುರಾದಳು. ಬಡವಾಗಿದ್ದಳು. ದೂರದಿಂದಲೇ ಗುರುತು ಹಿಡಿದಳು. (ಕಣ್ಣು ಮಂಜಂತೆ!) ಆರೋಗ್ಯ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

"ಆ ರೈಲಿಗೆ ಗಾಳಿ ಹೆಂಗ ಬರ್ತೈತೆ ಅಂತ ತಿಳೀತೇನೋ?"

ರೈಲು ಹೊರಡುತ್ತೆ ಅತ್ತೆ, ಎಂದು ಹತ್ತಿಬಿಟ್ಟೆ. ರೈಲು ಇನ್ನೂ ಬಹಳ ಹೊತ್ತು ಅಲ್ಲೇ ನಿಂತಿತ್ತು. ನಾನು ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಮುಂದಿನ ಸಲ ಆ ಓಣಿಗೆ ಹೋದದ್ದು ಅವಳ ಮಣ್ಣಿಗೆ.

ನಾವು ದಿನಕ್ಕೆ ಎಷ್ಟು ಸಲ 'ನೋಡಿದ್ದೀನಿ' ಅನ್ನುತ್ತೇವೆ? ಗ್ಯಾಸ್ ಆಫ್ ಆಗಿದೆಯಾ? ನೋಡಿದ್ದೀನಿ. ಗಾಡಿ ಬ್ರೇಕು ಸರಿ ಇದೆಯಾ? ನೋಡಿದ್ದೀನಿ. ನೋಡಿರುವುದಿಲ್ಲ. ಬಹಳ ಸಲ ಏನೂ ಆಗುವುದಿಲ್ಲ, ಅದಕ್ಕೇ ಮತ್ತೆ ಅನ್ನುತ್ತೇವೆ. ಆದಾಗ ಮಾತ್ರ ಸುತ್ತ ನೋಡುತ್ತೇವೆ, ಎದುರು ಮಾತಾಡದವರು ಯಾರಿದ್ದಾರೆ ಎಂದು.

ಮೆಟ್ರೊದಲ್ಲಿ ಆ ಸೆಕ್ಯುರಿಟಿಯವನು ಆಮೇಲೆ ಮರುಗಿ, ಚಾವಣಿಯ ದೊಡ್ಡ ಕೊಳವೆಗಳನ್ನು ತೋರಿಸಿದ. ಮೇಲಿನ ಗಾಳಿಯನ್ನು ಫ್ಯಾನುಗಳು ಒಳಗೆ ಒತ್ತುತ್ತವೆ, ಕೆಟ್ಟ ಗಾಳಿಯನ್ನು ಹೊರಗೆ ಎಳೆಯುತ್ತವಂತೆ. ಕಂಬಳಿಯ ಕೆಲಸವೇ. ನಾನು ಕೊಳವೆಯ ಬಾಯಿಯ ಕೆಳಗೆ ನಿಂತು ಕೈ ಚಾಚಿದೆ. ಗಾಳಿ ಬರುತ್ತಿತ್ತು.

ಉತ್ತರ ಸಿಕ್ಕಿತು, ಅತ್ತೆ. ಇನ್ನೊಂದು ಮಾತು ಬಾಕಿ ಇದೆ. ಊರಿನವರಿಗೆ ನೀನು 'ಆಯಮ್ಮ', ನನಗೆ ಬರೀ 'ಅತ್ತೆ'. ಹೆಸರು ಹಿಡಿದು ಕರೆದವರೇ ಇರಲಿಲ್ಲ, ಅದಕ್ಕೇ ಇವತ್ತು ಹೆಸರಿಟ್ಟು ಬರೆಯುತ್ತಿದ್ದೇನೆ.

ದೀಪ ಹಚ್ಚದವನು ನಾನು, ಹಾಲಮ್ಮತ್ತೆ.