ಬಲಗೈಯ ವಿಭೂತಿ

ಇಲ್ಲ, ಆ ಬೆಳಕು ನೀಲಿಯಾಗಿರಲಿಲ್ಲ, ನೇರಳೆ. ಅಥವಾ ಬೆಳಕು ನೇರಳೆ, ಅವ್ವನ ಕೈ ನೀಲಿ. ನೆನೆದಷ್ಟು ಸಲವೂ ಬಣ್ಣ ಬದಲಾಗುತ್ತದೆ. ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ. ತೊಂಬತ್ತರ ದಶಕ, ನಮ್ಮ ಶಿಕಾರಿಪುರದಲ್ಲಿ ಚರ್ಮರೋಗದ ಶಿಬಿರ, ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ ಕೋಣೆ. ಇಷ್ಟು ಖಚಿತ. ಕಾಲೇಜು ಓದುತ್ತಿದ್ದ ನಾನು ಅವ್ವನ ಜೊತೆಗಿದ್ದೆ.

ಅವ್ವನ ಎಡಗೈ ಮೇಲೆ ತೊನ್ನು ಕಾಣಿಸಿಕೊಂಡಿತ್ತು. ದಿನಾ ಪೂಜೆ ಮುಗಿಸಿ ಅಲ್ಲಿಗೆ ದಪ್ಪಗೆ ವಿಭೂತಿ ಬಳಿಯುತ್ತಿದ್ದಳು. ಬಿಳಿಯ ಮೇಲೆ ಬಿಳಿ. ಆದರೂ ಸುದ್ದಿ ಸೊರಬ ದಾಟಿ ಜಡೆ ಊರಿನ ತವರು ಮುಟ್ಟಿತ್ತು. ಮಾವನ ಹೆಂಡತಿ, ನನ್ನ ಅತ್ತೆ, ಹೇಳಿ ಕಳಿಸಿದ್ದಳು: ನಾಳೆಯ ಗೃಹಪ್ರವೇಶಕ್ಕೆ ಬಾ, ಬಡಿಸುವುದು ಮಾತ್ರ ಬೇಡ. ತವರಿನ ಪಂಕ್ತಿಯಲ್ಲಿ ತುಪ್ಪ ಬಡಿಸುವುದು ಯಾವಾಗಲೂ ಅವ್ವನದೇ ಪಾಲು. ಅದನ್ನು ಉಳಿಸಿಕೊಳ್ಳಲು ಅವಳಿಗೆ ಡಾಕ್ಟರ ಬಾಯಿಂದ ಒಂದು ಮಾತು ಬೇಕಿತ್ತು.

ಡಾಕ್ಟರು ಚರ್ಮದ ಬಣ್ಣವನ್ನು ಕ್ಯಾಮೆರಾದಲ್ಲಿ ಹಿಡಿದು ಅಧ್ಯಯನ ಮಾಡುತ್ತಿದ್ದರು. ಬಣ್ಣ ಕಳೆದುಕೊಂಡ ಚರ್ಮ ಅವರ ಪರೀಕ್ಷೆಯ ದೀಪದ ಬೆಳಕಿಗೆ ಹೊಳೆಯುತ್ತದಂತೆ.

“ಬೂದಿ ತೊಳ್ಕೊಂಡ್ ಬನ್ನಿ ಅಮ್ಮ, ಫೋಟೋಕ್ಕೆ ಅಡ್ಡ ಬರುತ್ತೆ.”

“ಬೂದಿ ಅಲ್ರೀ, ವಿಭೂತಿ. ಶಿವಂದು.”

“ಶಿವಂದು ಆಮೇಲೆ ತೆಗೀತೀನಿ, ಈಗ ನಿಮ್ದು.”

ಅವ್ವ ನಕ್ಕು, ತೊಳೆದು ಬಂದಳು. ಕೋಣೆಯ ದೀಪ ಆರಿತು, ಪರೀಕ್ಷೆಯ ದೀಪ ಹೊತ್ತಿತು. ಎಡಗೈ ಹೊಳೆಯಿತು. ಡಾಕ್ಟರು ಬಲಗೈಯನ್ನೂ ಹಿಡಿಸಿದರು. ಹಗಲಲ್ಲಿ ಏನೂ ಕಾಣದ ಆ ಕೈಯ ಬೆರಳ ಸಂದಿಯಲ್ಲೂ ಸಣ್ಣ ಹೊಳಪು. ಕ್ಯಾಮೆರಾ ಸದ್ದು ಮಾಡಿತು.

“ಇದು ಅಂಟ್ತದೇನ್ರೀ?”

“ಇಲ್ಲಮ್ಮ. ಅಂಟೋ ಕಾಯಿಲೆನೇ ಅಲ್ಲ.”

“ಈ ಕೈದು ಯಾರಿಗಾದ್ರೂ ಕಾಣ್ತದಾ?”

“ಈಗ ಕಾಣಲ್ಲ. ಮುಂದೆ ಕಾಣಬಹುದು. ಇಲ್ಲಾ, ಬೂದಿನೇ ಉಳಿದಿದ್ಯೋ ಏನೋ, ಅದೂ ಕೆಲವು ಸಲ ಮೋಸ ಮಾಡುತ್ತೆ. ಇನ್ನೊಂದ್ಸಲ ತೊಳೆದು ಬನ್ನಿ, ನೋಡೋಣ.”

ವಿಭೂತಿ ಹಚ್ಚುತ್ತಿದ್ದುದೂ ಅದೇ ಕೈಯಿಂದ, ತುಪ್ಪ ಬಡಿಸುತ್ತಿದ್ದುದೂ ಅದೇ ಕೈಯಿಂದ. ಅವ್ವ ನಲ್ಲಿಯ ಕಡೆ ಹೋಗಲಿಲ್ಲ. “ಬಸ್ ಹೋಗ್ತದೆ, ನಡಿ” ಎಂದು ನನ್ನ ತೋಳು ಹಿಡಿದಳು. ಸೊರಬದ ಬಸ್ಸಿಗೆ ಇನ್ನೂ ಹೊತ್ತಿತ್ತು. ಇತ್ತು ಎಂದೇ ನನ್ನ ಅನಿಸಿಕೆ.

ಜಡೆಯಲ್ಲಿ ಅತ್ತೆ ಬಾಗಿಲಲ್ಲೇ ಕೇಳಿದಳು: “ಡಾಕ್ಟ್ರು ಏನಂದ್ರು?”

“ಅಂಟಲ್ಲ ಅಂದ್ರು ಅತ್ತಿಗೆ. ಫೋಟೋನೇ ತೆಗ್ದಾರೆ.”

ಫೋಟೋ ಎಂದದ್ದೇ ಅತ್ತೆ ಬಾಗಿಲು ಬಿಟ್ಟು ಸರಿದು ಒಳಗೆ ಕರೆದಳು. ಮರುದಿನ ತಾನೇ ತುಪ್ಪದ ಗಿಂಡಿ ತಂದು ಕೊಟ್ಟಳು. ಪಂಕ್ತಿಯಲ್ಲಿ ಕೂತ ಮಾವ ಕಿಚಾಯಿಸಿದ: “ಕೈ ಬಿಚ್ಚಿ ಹಾಕು ತಂಗಿ! ನಿಮ್ಮ ಅಂಜನಾಪುರ ಡ್ಯಾಮಿನ ಚಾನಲ್ ನೀರೇನ್ ಇದು, ಗದ್ದೆಗೆ ಅಳೆದು ಬಿಡೋಕೆ?”

ಅವ್ವ ಬಗ್ಗಿ ಬಡಿಸಿದಳು. ಎರಡೂ ಕೈಗೆ ವಿಭೂತಿಯಿತ್ತು.

ಆಮೇಲೆ ದಿನವೂ ಹಾಗೇ. ಬರಿ ಬಲಗೈಯನ್ನು ಮತ್ತೆ ನೋಡಿದ ನೆನಪಿಲ್ಲ. ತೋರಿಸು ಎಂದು ನಾನೂ ಕೇಳಲಿಲ್ಲ. ಅವತ್ತು ಕತ್ತಲಲ್ಲಿ ಹೊಳೆದದ್ದು ಚರ್ಮವೋ, ತೊಳೆಯದೆ ಉಳಿದ ವಿಭೂತಿಯೋ, ನನಗೆ ಗೊತ್ತಿಲ್ಲ.