ಅತ್ತಿ ಕಟ್ಟಿಕೊಟ್ಟ ಬೇಳೆ

ಬೇಯದ ತೊಗರಿಬೇಳೆಗೆ ಒಂದು ವಾಸನೆ ಇರುತ್ತದೆ. ಬೆಂದ ಬೇಳೆಯ ಘಮವಲ್ಲ ಅದು. ಹಸಿಹಸಿ, ಒಂಚೂರು ಮಣ್ಣುಮಣ್ಣು, ಕುದ್ದು ಕುದ್ದು ಬೇಸತ್ತ ನೀರಿನ ವಾಸನೆ. ಮೆಹದಿಪಟ್ಟಣಂನ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬಂದ ದಿನವೆಲ್ಲ ನನ್ನ ಅಡುಗೆಮನೆಯಲ್ಲಿ ಅದೇ. ಕುಕ್ಕರ್ ಏಳು ಸಲ ಕೂಗಿ ಸುಸ್ತಾದ ಮೇಲೂ ಮುಚ್ಚಳ ತೆಗೆದರೆ ಬೇಳೆ ಹಾಗೇ ಕಣ್ಣು ಬಿಟ್ಟುಕೊಂಡು ತಳದಲ್ಲಿ ಕೂತಿರುತ್ತದೆ. ಮೈ ಉರಿಯುತ್ತದೆ ನನಗೆ. ಈ ಮನೆಯಲ್ಲಿ ನಳದ ನೀರುಂಟು, ಬೋರ್‌ವೆಲ್ ನೀರುಂಟು, ಬೇಸಿಗೆಗೆ ಟ್ಯಾಂಕರ್, ಕುಡಿಯಲು ಕ್ಯಾನ್. ನಾಲ್ಕು ಥರದ ನೀರಿದ್ದೂ ಒಂದರ ಊರೂ ನಮಗೆ ಗೊತ್ತಿಲ್ಲ. ನಮ್ಮ ಅತ್ತಿ ಇದ್ದಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳುತ್ತಿದ್ದಳು, "ಎಲ್ಲಿದೂ ಅಂತ ಕೇಳದ ಕುಡಿಯಾಕತ್ತೀರೇನ? ಶಾಣ್ಯಾ ಮಂದಿ ಬಿಡ್ರಿ!"

ಅತ್ತಿ ಎಂದರೆ ಅಪ್ಪನ ಅಕ್ಕ, ಗೌರವ್ವ. ಅಪ್ಪ ಕಲಬುರಗಿ ಕಡೆಯಿಂದ ಬಂದು ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿಯುತ್ತಿದ್ದ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅತ್ತಿ ನಾನು ಹುಟ್ಟುವ ಮೊದಲೇ ನಮ್ಮ ಮನೆ ಸೇರಿದ್ದಳು. ಮನೆ ಎಂದರೇನು, ವಠಾರದ ಎರಡು ಕೋಣೆ. ಎಂಟು ಸಂಸಾರಗಳಿಗೆ ಒಂದೇ ಅಂಗಳ, ಅಂಗಳದ ನಡುವೆ ಒಂದು ಕಲ್ಲಿನ ಬಾವಿ. ನಸುಕಿನಲ್ಲಿ ರಾಟೆ ಕಿರ್ರೆಂದರೆ ಅತ್ತಿ ಎದ್ದಳು ಎಂದರ್ಥ. ಮೊದಲ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚದೆ ಎರಡನೆಯದನ್ನು ಸೇದಲು ಯಾರಿಗೂ ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಯಾವ ಮನೆಗೆ ಎಷ್ಟು ಕೊಡ ಎಂದು ಹೇಳುವವಳೂ ಅವಳೇ, ಬಾವಿಕಟ್ಟೆಯ ಮೇಲೆ ಸೋಪು ಇಟ್ಟವರ ಮನೆಯ ಮುಂದೆ ಹೋಗಿ ಜಗಳ ತೆಗೆಯುವವಳೂ ಅವಳೇ. ಸ್ವಂತದ್ದು ಎಂದು ಒಂದು ಮಗುವಾಗಲಿ, ಒಂದು ಗೋಡೆಯಾಗಲಿ ಇಲ್ಲದ ಅವಳಿಗೆ ಆ ಬಾವಿಯೇ ಸಂಸಾರವಾಗಿತ್ತು. ಆ ಬಾವಿಯ ನೀರು ಎಷ್ಟು ತಣ್ಣಗಿತ್ತು, ಎಷ್ಟು ಸಿಹಿಯಾಗಿತ್ತು!

ಅತ್ತಿಯ ಪಾಲಿಗೆ ಈ ಭೂಮಿಯ ಮೇಲೆ ಊರುಗಳು ಎರಡೇ ಥರ: ಬೇಳೆ ಬೇಯುವ ಊರು, ಬೇಳೆ ಬೇಯದ ಊರು. ನೀರು ಸಿಹಿಯಾಗಿದ್ದರೆ ಬೇಳೆ ಬೆಣ್ಣೆಯಾಗುತ್ತದೆ, ಗಡುಸಾಗಿದ್ದರೆ ಕಟ್ಟಿಗೆಯೆಲ್ಲ ಉರಿದು ಹೋದರೂ ಇಲ್ಲ. ಹೆಣ್ಣು ಕೇಳಲು ಯಾರಾದರೂ ಬಂದರೆ ಹುಡುಗನ ನೌಕರಿ ಕೇಳುವ ಮೊದಲು ಅವನ ಮನೆಯ ನೀರು ಒಂದು ತಂಬಿಗೆ ತರಿಸುತ್ತಿದ್ದಳು. ಸಿಕಂದರಾಬಾದಿನ ನೀರು ಪಾಸಾಗಿ ನನ್ನ ದೊಡ್ಡಕ್ಕ ಅಲ್ಲಿಗೆ ಹೋದಳು. ರಾಯಚೂರು ಕಡೆಯ ಒಂದು ಒಳ್ಳೆಯ ಸಂಬಂಧ ಬರೀ ನೀರಿನ ಮೇಲೆ ತಪ್ಪಿತು. "ಹುಡುಗ ಬಂಗಾರ ಅದಾನ, ಖರೆ. ಆದ್ರ ನಮ್ಮ ಹುಡುಗಿ ಜಲಮ ಪೂರ್ತಿ ಒಲಿ ಮುಂದ ಕುಂತು ಅಳಬೇಕೇನು?" ಎಂದುಬಿಟ್ಟಳು. ಮದುವೆಯಾಗಿ ಹೊರಟ ಹುಡುಗಿಯ ಉಡಿಯಲ್ಲಿ ನಮ್ಮೂರ ತೊಗರಿಬೇಳೆ ಒಂದು ಹಿಡಿ ಗಂಟು ಕಟ್ಟಿ ಇಡುವುದು ನಮ್ಮ ಮನೆಯ ಪದ್ಧತಿ. ಗಂಡನ ಮನೆಯ ನೀರಿನಲ್ಲಿ ಅದನ್ನು ಬೇಯಿಸಿ ತವರಿಗೆ ಸುದ್ದಿ ಕಳಿಸಬೇಕು. 'ಬೇಳೆ ಬೆಂತು' ಎಂದರೆ ಹುಡುಗಿ ಸುಖವಾಗಿದ್ದಾಳೆ. 'ಬೇಯಲಿಲ್ಲ' ಎಂದರೆ ನೀರಿನ ಸುದ್ದಿಯಷ್ಟೇ ಅಲ್ಲ ಅದು, ತವರಿನಿಂದ ಯಾರಾದರೊಬ್ಬರು ಮರುದಿನವೇ ಬಸ್ಸು ಹತ್ತುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ನಮ್ಮ ಬಾವಿಯೇ ಕೆಟ್ಟಿತು. ಹಿಂದಿನ ಗಲ್ಲಿಯಲ್ಲಿ ಹೊಸದಾಗಿ ಶುರುವಾಗಿದ್ದ ಯಾವುದೋ ಕಾರ್ಖಾನೆಯಿಂದ ಬಣ್ಣದ ನೀರು ಮೋರಿಗೆ ಹರಿಯುತ್ತಿತ್ತು. ಮೊದಮೊದಲು ನಮಗೆ ಮಕ್ಕಳಿಗೆ ಅದು ತಮಾಷೆ, ಇವತ್ತು ನೀಲಿ, ನಾಳೆ ಕೆಂಪು. ಆಮೇಲೆ ಸೇದಿಟ್ಟ ಕೊಡದ ಮೇಲೆ ಹಳದಿ ಕೆನೆ ಕಟ್ಟತೊಡಗಿತು. "ನೀಳ್ಳು ಬಾಗಲೇವಮ್ಮಾ," ನೀರು ಚೆನ್ನಾಗಿಲ್ಲ ಎಂದು ಪಕ್ಕದ ಮನೆಯ ಯಾದಮ್ಮ ಮೆಲ್ಲಗೆ ಅಂದಳು. ಅವಳ ಕೂಸಿನ ಮೈತುಂಬ ಗುಳ್ಳೆ ಎದ್ದಿದ್ದವು. ಅಷ್ಟರಲ್ಲಿ ಬೀದಿಗೆ ಮಾಂಜ್ರಾ ನದಿಯ ನಳವೂ ಬಂದಿತ್ತು, ಬಾವಿ ಮುಚ್ಚೋಣ ಎಂದು ಅರ್ಧ ವಠಾರ, ಬೇಡ ಎಂದು ಇನ್ನರ್ಧ. ಅತ್ತಿ ಯಾರ ಕೂಡ ವಾದಿಸಲಿಲ್ಲ. ಆದರೆ ಒಲೆಯ ಮುಂದೆ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಬಾವಿ ಹೋದ್ರ ನನಗ ಇಲ್ಲೇನ ಕೆಲಸ ಐತೋ ತಮ್ಮಾ? ನಾ ಊರಿಗೆ ಹೋಗ್ತೀನಿ." ಹುಟ್ಟಿದಂದಿನಿಂದ ಅತ್ತಿಯ ಮಗ್ಗುಲಲ್ಲೇ ಮಲಗಿದವಳು ನಾನು. ಅವಳಿಲ್ಲದ ಮನೆ ನನಗೆ ಮನೆಯೇ ಅಲ್ಲ.

ತೀರ್ಮಾನ ಬೇಳೆಗೇ ಬಿಟ್ಟದ್ದು. ಒಂದು ರವಿವಾರ ಬೆಳಿಗ್ಗೆ ಅಂಗಳದಲ್ಲಿ ಎರಡು ಒಲೆ ಹೂಡಿದರು. ಒಂದರ ಮೇಲೆ ನಳದ ನೀರು, ಇನ್ನೊಂದರ ಮೇಲೆ ಬಾವಿ ನೀರು, ಎರಡಕ್ಕೂ ಒಂದೊಂದು ಹಿಡಿ ಬೇಳೆ. ಬಾವಿ ನೀರಿನಲ್ಲೂ ಬೆಂದರೆ ಬಾವಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುವುದು. ಕಾರ್ಖಾನೆಯ ವಿಷ ಬೇಳೆಗೆ ಹೇಗೆ ಗೊತ್ತಾಗಬೇಕು ಎಂದು ಯಾರೂ ಕೇಳಲಿಲ್ಲ ನೋಡಿ, ಅಷ್ಟು ನಂಬಿಕೆ ಬೇಳೆಯ ಮೇಲೆ! ಬೆಂಕಿ ನೋಡಿಕೊಳ್ಳಲು ನನ್ನನ್ನು ಕೂರಿಸಿದರು. ನಳದ ಬೇಳೆ ಅರಳತೊಡಗಿತು, ಬಾವಿಯದು ಅಲುಗಲೇ ಇಲ್ಲ. ಎಲ್ಲರೂ ಚಹಾ ಕುಡಿಯುತ್ತ ಮಾತಿಗೆ ಬಿದ್ದಾಗ ಅಮ್ಮನ ಡಬ್ಬಿಯಿಂದ ಕದ್ದು ತಂದ ಅಡುಗೆ ಸೋಡಾವನ್ನು ಬಾವಿಯ ಪಾತ್ರೆಗೆ ಸುರಿದೆ. ಎಷ್ಟು ಹಾಕಬೇಕೆಂದು ನನಗೇನು ಗೊತ್ತು? ಬುಸ್ಸೆಂದು ನೊರೆ ಬಂತು, ನೋಡನೋಡುತ್ತಿದ್ದಂತೆ ಬೇಳೆ ಕರಗಿ ಗಂಜಿಯಾಯಿತು.

"ಉಡಿಕಿಂದಿ! ಬೆಂತ್ರಿ ಬೆಂತು!" ಎಂದು ಅಂಗಳಕ್ಕೆ ಅಂಗಳವೇ ಕೂಗಿತು. ಅತ್ತಿ ಬಂದು ಬೆರಳಿನ ತುದಿಯಿಂದ ಒಂದಿಷ್ಟು ನಾಲಗೆಗೆ ಹಚ್ಚಿಕೊಂಡಳು. ನನ್ನ ಕಡೆ ನೋಡಲಿಲ್ಲ. "ಛಲೋ ಬೆಂದೈತಿ," ಎಂದಳು. ಎಂದವಳೇ ಸೀದಾ ಬಾವಿಗೆ ಹೋಗಿ ರಾಟೆಯಿಂದ ಹಗ್ಗ ಬಿಚ್ಚಿ ಸುತ್ತತೊಡಗಿದಳು. "ಉಡಿಕಿಂದಿ ಕದಮ್ಮಾ!" ಬೆಂದಿದೆಯಲ್ಲ ಎಂದು ಯಾದಮ್ಮನೇ ಬೆರಗಾದಳು. "ಬೆಂದೈತಿ, ಯಾರು ಇಲ್ಲಂದ್ರು? ನನ್ನ ನಾಲಗಿಗೆ ಸರಿ ಬರಲಿಲ್ಲ. ಇವತ್ತಿನಿಂದ ಈ ನೀರು ಯಾರೂ ಮುಟ್ಟಬ್ಯಾಡ್ರಿ."

ಬೇಳೆ ಬೆಂದರೂ ಬಾವಿ ಮುಚ್ಚಿಸಿದ ಹುಚ್ಚು ಮುದುಕಿ ಎಂದು ವಠಾರ ಆಡಿಕೊಂಡಿತು. ಬಾವಿ ಬೇಕೆಂದಿದ್ದವರು ಅವಳ ಮುಖಕ್ಕೇ ಅಂದರು. ಸೋಡಾ ಎಂಬ ಒಂದು ಮಾತು ಬಾಯಿಂದ ಬಿಟ್ಟಿದ್ದರೆ ಅವಳ ಮಾನ ಉಳಿಯುತ್ತಿತ್ತು. ಬಿಡಲಿಲ್ಲ. ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡು ನಾನೂ ಬಾಯಿ ಬಿಡಲಿಲ್ಲ, ಹೇಡಿ! ಬಾವಿಯ ಮೇಲೆ ಕಲ್ಲುಚಪ್ಪಡಿ ಎಳೆದರು. ನಸುಕಿನಲ್ಲಿ ಎದ್ದು ಮಾಡುವುದಕ್ಕೆ ಏನೂ ಇಲ್ಲದೆ ಅತ್ತಿ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ದಸರೆ ಮುಗಿದ ಮೇಲೆ ಹೇಳಿದಂತೆಯೇ ಊರಿಗೆ ಹೊರಟುಹೋದಳು. ನಾನು ಅವಳ ಸೀರೆ ಹಿಡಿದುಕೊಂಡು ಬಸ್ಸಿನ ತನಕ ಅತ್ತೆ.

ಮತ್ತೆ ಬಂದಳು, ನನ್ನ ಮದುವೆಗೆ. ಮೆಹದಿಪಟ್ಟಣಂನ ನೀರು ತರಿಸಿ, ಬೇಳೆ ಬೇಯಿಸಿ ನೋಡಿ, ಹೂಂ ಎಂದವಳೂ ಅವಳೇ. ಹೊರಡುವಾಗ ತನ್ನ ಕೈಯಾರೆ ನನ್ನ ಉಡಿಗೆ ಗಂಟು ಇಟ್ಟಳು. ಗಂಡನ ಮನೆಯಲ್ಲಿ ಅದನ್ನು ಬಿಚ್ಚಿದರೆ ಬೇಳೆಯ ನಡುವೆ ಕಾಗದದ ಒಂದು ಸಣ್ಣ ಪೊಟ್ಟಣ. ಒಳಗೆ ಅಡುಗೆ ಸೋಡಾ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಅಳುತ್ತಲೇ ನಕ್ಕೆ. ಅಷ್ಟು ವರ್ಷ ಗೊತ್ತಿದ್ದೂ ಒಂದು ದಿನವೂ ನನ್ನನ್ನು ಗದರಿರಲಿಲ್ಲ ಮಹಾತಾಯಿ. ಊರಿಗೆ ಕಾಗದ ಬರೆದೆ: 'ಬೇಳೆ ಬೆಂತು. ಸೋಡಾ ಬೇಕಾಗಲಿಲ್ಲ.' ಅತ್ತಿಗೆ ಓದಲು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳಂತೆ. ನಮ್ಮಿಬ್ಬರ ನಡುವೆ ಆ ವಿಷಯ ಬಂದದ್ದು ಅದೊಂದೇ ಸಲ.

ಈಗ ಅತ್ತಿ ಇಲ್ಲ, ಅಪ್ಪ ಅಮ್ಮ ಇಲ್ಲ, ದೊಡ್ಡಕ್ಕನೂ ಹೋದಳು. ವಠಾರ ಇದ್ದಲ್ಲಿ ಐದಂತಸ್ತಿನ ಕಟ್ಟಡವಿದೆ, ಬಾವಿ ಇದ್ದಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ನಿಮ್ಮ ತವರಿನಲ್ಲೂ ಹೀಗೇ ಆಗಿರಬಹುದು. ಪೊಟ್ಟಣ ಇನ್ನೂ ನನ್ನ ಹತ್ತಿರವಿದೆ, ಒಳಗಿನ ಸೋಡಾ ಗಟ್ಟಿಯಾಗಿ ಹೋಗಿದೆ. ಇವತ್ತು ಒಲೆ ಆರಿಸಿ, ಬೇಯದ ಬೇಳೆಯ ಮುಂದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಬೇಳೆ ಬೇಯಲಿಲ್ಲ ಅತ್ತಿ. ಸುದ್ದಿ ಕಳಿಸಿದರೆ ಬಸ್ಸು ಹತ್ತಿ ಬರುವವರು ಆ ಕಡೆ ಯಾರೂ ಇಲ್ಲ.